ಕ್ಷೌರದಂಗಡಿಯ ಆಂಥೂರಿಯಂ

ಕತ್ತರಿಯಣ್ಣನ ಕ್ಷೌರದಂಗಡಿಯಲ್ಲಿ ಕನ್ನಡಿ ಎರಡು, ಕುರ್ಚಿ ಎರಡು, ಆಂಥೂರಿಯಂ ಗಿಡ ಒಂದು. ಗಿರಾಕಿಗಳ ತಲೆಗಿಂತ ಗಿಡದ ಎಲೆಯ ಮೇಲೇ ಅವನ ಕಣ್ಣು ಹೆಚ್ಚು ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳದೆ ಏನು ಮಾಡಿಯಾರು? ಬೆಳಗಿನ ತಿಂಡಿ ಅರಗುವ ಮೊದಲೇ ಅಂಗಡಿಯ ಶಟರು ಮುಟ್ಟಿದರೆ ಕೈ ಸುಡುವ ಊರದು. ಗಾಳಿ ಬೀಸಿದರೆ ಯಾರೋ ಒಲೆಯ ಬಾಯನ್ನು ಮುಖಕ್ಕೆ ತಿರುಗಿಸಿದ ಹಾಗೆ. ಮುಳ್ಳುಕಂಟಿ ಬಿಟ್ಟರೆ ತಾನಾಗಿ ಹಸಿರಾಗಿರುವುದು ಏನೂ ಇಲ್ಲ. ಅಂಥಲ್ಲಿ ನೆರಳು ಬೇಕು, ತಂಪು ಬೇಕು, ಗಾಳಿಯಲ್ಲಿ ತೇವ ಬೇಕು ಎಂದು ಹೊಸ ಅಳಿಯನ ಹಾಗೆ ಮುನಿಸಿಕೊಳ್ಳುವ ಗಿಡವನ್ನು ಸಾಕಲು ಹೊರಟಿದ್ದ ಈ ಮಹರಾಯ.

ಗಿಡ ಕೊಟ್ಟವಳು ಅವನ ಅಕ್ಕ. ಬೆಟ್ಟದ ಮೇಲಿನ ತಂಪಿನ ಊರಿಗೆ ಮದುವೆಯಾಗಿ ಹೋದವಳು, ಬಂದಾಗಲೆಲ್ಲ ಒಂದೊಂದು ಕುಡಿ ತಂದುಕೊಡುತ್ತಿದ್ದಳು. ಮೊದಲನೆಯದು ಮಾಳಿಗೆಯ ಮೇಲೆ ಹಪ್ಪಳವಾಯಿತು. ಇನ್ನೊಂದಕ್ಕೆ ಬೋರಿನ ಉಪ್ಪುನೀರು ಹಾಕಿದ್ದಕ್ಕೆ ಎಲೆಯ ತುದಿಯೆಲ್ಲ ಸುಟ್ಟುಹೋಯಿತು. ಮತ್ತೊಂದನ್ನು ತಂಪಾಗಿರಲಿ ಎಂದು ಫ್ಯಾನಿನ ಕೆಳಗಿಟ್ಟ, ಆ ಗಾಳಿಗೇ ಅದು ಸೊರಗಿ ಕಡ್ಡಿಯಾಯಿತು.

ಕಳೆದ ಸಲ ಅಕ್ಕ ಕುಂಡವನ್ನು ಅವನ ಕೈಗಿಡುವಾಗ ನಗಲಿಲ್ಲ.

"ಮಂಡಿನೋವು, ನನ್ನ ಕೈಲಿ ಇನ್ನು ತೋಟ ಆಗಲ್ಲ. ಎಲ್ಲಾ ಕುಂಡ ಹಂಚಿಬಿಟ್ಟೆ. ಅಮ್ಮನ ಗಿಡದಲ್ಲಿ ಉಳಿದಿರೋದು ಇದೊಂದೇ ಕುಡಿ. ಇದನ್ನೂ ಸಾಯಿಸಿದರೆ ನನ್ನ ಹತ್ತಿರ ಬೇರೆ ಕೇಳಬೇಡ."

"ಸಾಯಿಸ್ತೀನಿ ಅಂತ ಮೊದಲೇ ತೀರ್ಮಾನ ಮಾಡಿದ ಹಾಗಿದೆ."

"ನಿನ್ನ ಕೈಗುಣ ನನಗೆ ಗೊತ್ತಿಲ್ವೇನೋ?"

ಆ ಮಾತು ಅವನಿಗೆ ಮೀನಿನ ಮುಳ್ಳಿನಂತೆ ಗಂಟಲಲ್ಲಿ ಸಿಕ್ಕಿಕೊಂಡಿತು. ಈ ಸಲ ಯಾವ ತಪ್ಪಿಗೂ ಜಾಗ ಬಿಡಲಿಲ್ಲ. ಬಿಸಿಲು ಸುಳಿಯದ ಮೂಲೆಯಲ್ಲಿ, ಗಿರಾಕಿಗಳ ಬೆಂಚಿನ ಪಕ್ಕ ಕುಂಡವಿಟ್ಟ. ಕೆಳಗೆ ತಟ್ಟೆಯಲ್ಲಿ ಒದ್ದೆ ಬೆಣಚುಕಲ್ಲು. ಬೋರಿನ ನೀರು ಬೇಡವೆಂದು ಪಕ್ಕದ ದವಾಖಾನೆಯ ಏಸಿಯಿಂದ ತೊಟ್ಟಿಕ್ಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದ. ತಲೆಗೂದಲಿಗೆ ಹೊಡೆಯುವ ಸ್ಪ್ರೇ ಬಾಟಲಿಯಲ್ಲಿ ಅದನ್ನೇ ತುಂಬಿ, ಗಿರಾಕಿಗೊಮ್ಮೆ, ಗಿಡಕ್ಕೊಮ್ಮೆ.

ಆದರೂ ಎಲೆ ಹಳದಿಯಾಯಿತು. ಒಂದು ಬಿತ್ತು, ಇನ್ನೊಂದು ತೊಟ್ಟು ಬಾಗಿಸಿ ನೆಲ ನೋಡಿತು. ಕತ್ತರಿಯಣ್ಣ ನೀರು ಕಡಿಮೆ ಮಾಡಿದ. ಮಣ್ಣು ಆರಲಿಲ್ಲ. ನೀರು ಹಾಕುವುದನ್ನೇ ನಿಲ್ಲಿಸಿದ. ಬೆರಳಿಟ್ಟರೆ ಆಗಲೂ ಕೆಸರು. ಸುತ್ತ ಇಡೀ ಊರು ಬಾಯಾರಿ ಬಿರಿಯುತ್ತಿರುವಾಗ ಇದೊಂದು ಕುಂಡ ಮಾತ್ರ ಒದ್ದೆ. ಹೀಗೂ ಉಂಟೇ ಎಂದು ರೇಗಿ, ಅವತ್ತು ಒಬ್ಬರ ಕಿವಿಯ ಪಕ್ಕದ ಕೃದಾ ಒಂದು ಮೇಲೆ ಒಂದು ಕೆಳಗೆ ಮಾಡಿ ಕಳಿಸಿದ.

ಗುಟ್ಟು ಬಯಲಾದದ್ದು ಕನ್ನಡಿಯಲ್ಲಿ. ನಿವೃತ್ತ ಪೋಸ್ಟ್‌ಮ್ಯಾನರ ಗಲ್ಲಕ್ಕೆ ನೊರೆ ಬಳಿಯುತ್ತಿದ್ದ. ಹಿಂದೆ ಬೆಂಚಿನ ಮೇಲೆ ಸೈಕಲ್ ಶಾಪಿನವನು ಲೋಟದಲ್ಲಿ ನೀರು ಕುಡಿದ, ಬಾಯಿ ಒರೆಸಿಕೊಂಡ, ಉಳಿದ ನೀರನ್ನು ಕುಂಡಕ್ಕೆ ಸುರಿದ. ಸುರಿದದ್ದು ಅವನಿಗೇ ಗೊತ್ತಿಲ್ಲದಷ್ಟು ಸಲೀಸಾಗಿ.

"ಏನ್ ಮಾಡ್ದೆ ಈಗ?" ಕತ್ತರಿಯಣ್ಣ ಬ್ರಷ್ ಹಿಡಿದೇ ತಿರುಗಿದ.

"ಏನ್ ಮಾಡ್ದೆ? ಅರ್ಧ ಲೋಟ ಮಿಕ್ಕಿತ್ತು. ನೀರನ್ನ ಮೋರಿಗೆ ಚೆಲ್ಲೋಕಾಗುತ್ತಾ?"

"ಅದಕ್ಕೆ ಗಿಡಕ್ಕೆ ಹಾಕೋದಾ?"

"ಇನ್ನೇನು ನಿನ್ನ ತಲೆಗೆ ಹಾಕ್ಲಾ?"

ನೊರೆಯೊಳಗಿಂದ ಪೋಸ್ಟ್‌ಮ್ಯಾನ್ ಬಾಯಿ ಬಿಟ್ಟರು. "ನಾನೂ ಹಾಕ್ತೀನಪ್ಪ, ಬಂದಾಗಲೆಲ್ಲ. ಪಾಪ, ಸೊರಗ್ತಾ ಇದೆಯಲ್ಲ ಅಂತ."

ಅಷ್ಟರಲ್ಲಿ ಊಟದ ಡಬ್ಬಿ ತಂದ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. "ನೀವು ಕುಡಿದು ಚೊಂಬಲ್ಲಿ ಬಿಟ್ಟಿದ್ದನ್ನ ನಾನು ದಿನಾ ಅದಕ್ಕೇ ಹಾಕೋದು. ಒಳ್ಳೇದು ಮಾಡಿದ್ರೂ ಬೈಸ್ಕೋಬೇಕಾ?"

ಕತ್ತರಿಯಣ್ಣನಿಗೆ ಯಾರ ಮೇಲೆ ಹರಿಹಾಯಬೇಕೋ ತಿಳಿಯಲಿಲ್ಲ. ಆ ಊರಿನವರ ರೂಢಿಯೇ ಅದು. ಲೋಟದ ತಳದ ನೀರನ್ನು ಯಾರೂ ವ್ಯರ್ಥ ಮಾಡರು, ಹತ್ತಿರದ ಯಾವುದೋ ಬೇರಿಗೆ ಬಿಡುತ್ತಾರೆ. ಮುಳ್ಳುಕಂಟಿಗಾದರೆ ಅದು ಪುಣ್ಯ.

"ನೀವೆಲ್ಲ ಸೇರಿ ಇದನ್ನ ಮುಳುಗಿಸಿ ಸಾಯಿಸ್ತಾ ಇದೀರಿ" ಎಂದ.

ಸೈಕಲ್ ಶಾಪಿನವನಿಗೆ ನಗು ತಡೆಯಲಾಗಲಿಲ್ಲ. "ನಮ್ಮೂರಲ್ಲಿ ನೀರು ಹೆಚ್ಚಾಗಿ ಸತ್ತಿದ್ದು ಅಂತ ಒಂದಾದ್ರೂ ತೋರಿಸಪ್ಪ. ನಾನೇ ಬಂದು ಹೆಗಲು ಕೊಡ್ತೀನಿ."

ಪೋಸ್ಟ್‌ಮ್ಯಾನರ ಅರ್ಧ ಮುಖದ ನೊರೆ ಒಣಗುತ್ತಿದ್ದರೂ ಕತ್ತರಿಯಣ್ಣ ನೆಲದ ಮೇಲೆ ಪೇಪರು ಹಾಸಿ ಕುಂಡ ಬೋರಲು ಹಾಕಿದ. ಕೊಳೆತ ವಾಸನೆ ಗಪ್ಪೆಂದು ಎದ್ದಿತು. ಬೇರು ಕಪ್ಪಗೆ ಲೋಳೆಯಾಗಿ ಬೆರಳಿಗೆ ಅಂಟಿತು. ನಗು ನಿಂತಿತು. ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಕೊಳೆತದ್ದನ್ನೆಲ್ಲ ಕತ್ತರಿಸಿದ. ಬಿಳಿಯಾಗಿ ಉಳಿದದ್ದು ಗಿಡ್ಡ ಬೇರುಗಳು ಒಂದೆರಡು, ಎಲೆ ಒಂದು. ಇಟ್ಟಿಗೆ ಚೂರು, ಇದ್ದಿಲು, ತೆಂಗಿನ ನಾರು ತುಂಬಿ ಅದನ್ನು ಮತ್ತೆ ನೆಟ್ಟ. ಇನ್ನು ಯಾರಾದರೂ ಒಂದು ಹನಿ ಹಾಕಿದರೆ ಅವರ ತಲೆ ಬೋಳಿಸಿ ಕಳಿಸುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಎಲ್ಲರೂ ತಲೆಯಾಡಿಸಿದರು.

ಸಂಜೆ ಕೊನೆಯ ಗಿರಾಕಿಯನ್ನು ಕಳಿಸಿ, ನೆಲದ ಕೂದಲು ಗುಡಿಸಿ, ಬೆವರು ಒರೆಸಿಕೊಂಡು ಬೆಂಚಿನ ಮೇಲೆ ಕುಸಿದ. ಗಟಗಟನೆ ನೀರು ಕುಡಿದ. ಲೋಟ ಕೆಳಗಿಡಲು ಕೈ ಬಾಗಿತು. ಇದ್ದಿಲ ಮೇಲೆ ನೀರು ಬಿದ್ದ ಸಪ್ಪಳ ಕಿವಿಗೆ ಬಿದ್ದ ಮೇಲೆಯೇ ಅವನಿಗೆ ಎಚ್ಚರವಾದದ್ದು.

ಬೈಯಲು ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಕುಂಡ ವಾಲಿಸಿ ನೀರು ಬಸಿದ. ಎದ್ದು, ಇದ್ದ ಲೋಟ, ಚೊಂಬುಗಳನ್ನೆಲ್ಲ ಚೀಲಕ್ಕೆ ತುಂಬಿ ಮನೆಗೆ ಒಯ್ದ.

ಮರುದಿನದಿಂದ ಅಂಗಡಿಯಲ್ಲಿ ನೀರು ಬೇಕಾದವರು ಹೂಜಿ ಎತ್ತಿ ಬಾಯಿಗೆ ಬಿಟ್ಟುಕೊಳ್ಳಬೇಕು. ಪೋಸ್ಟ್‌ಮ್ಯಾನರಿಗೆ ಮೂಗಿಗೇರಿ ಕೆಮ್ಮು ಬಂತು, ಸೈಕಲ್ ಶಾಪಿನವನ ಅಂಗಿ ನೆನೆಯಿತು. ಬೈಗುಳಕ್ಕೆ ಲೆಕ್ಕವಿಲ್ಲ.

ಅಕ್ಕ ಫೋನು ಮಾಡಿದಳು. "ಹೂ ಬಿಡ್ತೇನೋ?"

"ಹೂವಿನ ಮಾತು ಎತ್ತಬೇಡ. ಬೇರು ಹಿಡಿದರೆ ಸಾಕಾಗಿದೆ."

"ಮತ್ತೆ ಏನ್ ಮಾಡಿದೆ?"

"ನಾನೊಬ್ಬನೇ ಅಲ್ಲ, ಅಕ್ಕ" ಎಂದು ಕತ್ತರಿಯಣ್ಣ ಸಿಡುಕಿದ. ಇದ್ದ ಒಂದೇ ಎಲೆಯ ಅಂಚು ಇವತ್ತೂ ಹಳದಿಯೇ. ನಿನ್ನೆಗಿಂತ ಹೆಚ್ಚಾಗಿಲ್ಲ ಎಂದು ಹೇಳೋಣವೆಂದುಕೊಂಡವನು, ಖಾತ್ರಿಯಿಲ್ಲದೆ ಫೋನು ಹಿಡಿದೇ ಎಲೆಯತ್ತ ಬಗ್ಗಿದ.