ಆಂದೋಲಕ ಬಿಡದ ಮಾಸ್ಟ್ರು

ತಪ್ಪು ಲೆಕ್ಕ ಶುರುವಾದ ಕೂಡಲೇ ಮಾಸ್ಟ್ರು ಕಿವಿಯಿಂದ ಶ್ರವಣಯಂತ್ರ ಕಿತ್ತು ಮೇಜಿನ ಮೇಲಿಡುತ್ತಿದ್ದರು. ಕಿವಿಯ ಹಿಂದೆ ಅದರ ಗುರುತು ಕೆಂಪಗೆ ಉಳಿಯುತ್ತಿತ್ತು. ಹಲಗೆಯ ಮೇಲಿನ ಸಾಲು ಸರಿಯಾಗುವವರೆಗೆ ನಮ್ಮ ಮಾತು ಅವರಿಗೆ ಬೇಡ. ಆ ವರ್ಷದ ಡೈರಿಯಲ್ಲಿ ಪ್ರತಿ ಭಾನುವಾರದ ಎದುರು, ಯಂತ್ರ ಎಷ್ಟು ಸಲ ಕೆಳಗಿಳಿಯಿತೆಂದು ಗೆರೆ ಹಾಕಿದ್ದೇನೆ. ಗೆರೆಯಿಲ್ಲದ ಭಾನುವಾರಗಳು ಎರಡೇ. ಎರಡೂ ದಿನ ಅವರಿಗೆ ಜ್ವರವಿದ್ದು ಪಾಠ ನಡೆಯಲಿಲ್ಲ.

ಅವರು ನಿವೃತ್ತ ಭೌತಶಾಸ್ತ್ರ ಅಧ್ಯಾಪಕರು. ಬಿಕರ್ನಕಟ್ಟೆಯ ಅವರ ಮನೆಗೆ ನಾನೂ ನನ್ನ ಸಹಪಾಠಿಯೊಬ್ಬಳೂ ಹೋಗುತ್ತಿದ್ದೆವು. ಇಬ್ಬರಿಗೂ ಸಂಶೋಧನಾ ಸಂಸ್ಥೆಯೊಂದರ ಸಂದರ್ಶನ ಗೆದ್ದು ಕ್ವಾಂಟಮ್ ಕ್ಷೇತ್ರ ಸಿದ್ಧಾಂತ ಓದಬೇಕಿತ್ತು. ಮಾಸ್ಟ್ರು ಕ್ಷೇತ್ರದ ಹೆಸರೆತ್ತಲೂ ಬಿಡಲಿಲ್ಲ. ವರ್ಷವಿಡೀ ಒಂದೇ ವಿಷಯ: ಆಂದೋಲಕ, ಅಂದರೆ ಸ್ಪ್ರಿಂಗಿಗೆ ಕಟ್ಟಿದ, ಹಿಂದೆಮುಂದೆ ಅಲುಗುವ ಗುಂಡು. ಮೊದಲು ಹಳೆಯ ಗಣಿತದಲ್ಲಿ, ಆಮೇಲೆ ಕ್ವಾಂಟಮ್ ಗಣಿತದಲ್ಲಿ, ಪುಸ್ತಕ ಮುಚ್ಚಿ.

“ಸರ್, ಸಂದರ್ಶನಕ್ಕೆ ಎರಡೇ ತಿಂಗಳು ಉಂಟು” ಎಂದೆ.

“ಹೌದಾ? ಸೋಲಲಿಕ್ಕೆ ಅಷ್ಟು ಸಾಕು ಮಾರಾಯ.”

ಒಂದು ದಿನ ಸಹಪಾಠಿ ಎರಡು ಆಪರೇಟರುಗಳ, ಅಂದರೆ ಕ್ವಾಂಟಮ್ ಗಣಿತದ ಕ್ರಿಯಾಚಿಹ್ನೆಗಳ, ಕ್ರಮ ಅದಲುಬದಲು ಮಾಡಿದಳು. ಸಂಖ್ಯೆಗಳ ಗುಣಾಕಾರದಲ್ಲಿ ಅದು ನಡೆಯುತ್ತದೆ; ಇಲ್ಲಿ ಉತ್ತರವೇ ಬೇರೆಯಾಗುತ್ತದೆ. ಅವಳ ಅಪ್ಪನಿಗೆ ಪಂಪ್‌ವೆಲ್‌ನಲ್ಲಿ ಹೋಟೆಲಿತ್ತು.

“ನಿಮ್ಮಲ್ಲಿ ಚಟ್ನಿ ಬಡಿಸಿ ಆಮೇಲೆ ರುಬ್ಬುವುದಾ?” ಎಂದರು ಮಾಸ್ಟ್ರು.

ಅವಳು ನಕ್ಕಳು. ಅವರು ನಗಲಿಲ್ಲ. “ನೀನು ಗಲ್ಲಾದಲ್ಲಿ ಕೂತರೆ ಸಾಕು. ಇನ್ನು ಬರುವುದು ಬೇಡ.”

ಅವಳು ನನಗಿಂತ ಚುರುಕು. ಮತ್ತೆ ಬರಲಿಲ್ಲ, ಸಂದರ್ಶನಕ್ಕೂ ಹೋಗಲಿಲ್ಲ. ಮುಂದಿನ ಭಾನುವಾರ ಅವಳ ಕುರ್ಚಿಯ ಮೇಲೆ ಮಾಸ್ಟ್ರು ಕಾಲು ಚಾಚಿಕೊಂಡಿದ್ದರು.

ಸಂದರ್ಶನದಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಕಾಂತಕ್ಷೇತ್ರದಂಥ ಕ್ಷೇತ್ರವೊಂದನ್ನು ಕ್ವಾಂಟಮ್ ಗಣಿತಕ್ಕೆ ತರುವುದು ಹೇಗೆ ಎಂದು. ಕ್ಷೇತ್ರವನ್ನು ಅಲೆಗಳಾಗಿ ಬಿಡಿಸಿದೆ. ಪ್ರತಿಯೊಂದು ಅಲೆಯೂ ಒಂದೊಂದು ಆಂದೋಲಕವಾಗಿ ಎದುರು ನಿಂತಿತು. ಅಲ್ಲಿಂದ ಮುಂದಿನದು ಕೈಗೇ ಗೊತ್ತಿತ್ತು. ಸೀಟು ಸಿಕ್ಕಿತು.

ಹೇಳಲು ಹೋದಾಗ ಮಾಸ್ಟ್ರು ಹಾಸಿಗೆ ಹಿಡಿದಿದ್ದರು. “ಎರಡನೇ ಪ್ರಶ್ನೆ ಕೇಳಲಿಲ್ಲವಾ? ನಿನ್ನ ಪುಣ್ಯ” ಎಂದು ಗೋಡೆಯ ಕಡೆ ತಿರುಗಿದರು. ನನ್ನೊಡನೆ ಅದೇ ಕೊನೆಯ ಮಾತು. ಆ ವಾರವೇ ತೀರಿಕೊಂಡರು.

ಉತ್ತರಕ್ರಿಯೆಯ ದಿನ ಅವರ ಹೆಂಡತಿ ಒಳಕೋಣೆಯಲ್ಲಿ ಒಬ್ಬರೇ ಕೂತಿದ್ದರು. ಹತ್ತಿರ ಹೋಗಿ, “ಅಮ್ಮ, ಸರ್ ಇಲ್ಲದಿದ್ದರೆ ನನಗೆ ಈ ಸೀಟು ಇಲ್ಲ” ಎಂದೆ.



“ನಿನಗಾದರೂ ಎಂತಾದರೂ ಸಿಕ್ಕಿತಲ್ಲ ಮಗಾ” ಎಂದರು. “ಊಟ ಮಾಡಿ ಹೋಗು.”