ಬೆಕ್ಕಿನ ಕಾರ್ಡು

ಹೊಟ್ಟೆಕಿಚ್ಚು ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಕ್ಕನ ಉದ್ದ ಜಡೆ, ಪಕ್ಕದ ಮನೆಯವರ ರೇಡಿಯೋ, ಇಗರ್ಜಿಯ ಗಾಯನದಲ್ಲಿ ನನ್ನನ್ನು ಹಿಂದೆ ಸರಿಸಿ ಮುಂದಿನ ಸಾಲಿಗೆ ಬಂದವಳ ಗಂಟಲು, ಹೀಗೆ ಒಂದಲ್ಲ ಒಂದಕ್ಕೆ ಉರಿದುಕೊಂಡೇ ಬೆಳೆದವಳು ನಾನು. ಅವೆಲ್ಲ ಸಣ್ಣಪುಟ್ಟವು, ತಿಂಗಳೊಪ್ಪತ್ತಿನಲ್ಲಿ ಆರಿಹೋಗುತ್ತಿದ್ದವು. ಆರದೆ ಉಳಿದದ್ದು ಅರವತ್ತರ ದಶಕದ ಕೊನೆಯಲ್ಲಿ, ನಮ್ಮ ಆಫೀಸಿನಲ್ಲಿ ಒಂದು ಯಂತ್ರ ಇನ್ನೊಂದು ಯಂತ್ರದ ವೇಷ ಕಟ್ಟಿದಾಗ ಹತ್ತಿಕೊಂಡದ್ದು.

ಆಫೀಸು ಕೊಡಿಯಾಲ್‌ಬೈಲಿನಲ್ಲಿತ್ತು. ಶಾಲೆಗಳ ಪರೀಕ್ಷೆಯ ಅಂಕಪಟ್ಟಿ ತಯಾರಿಸಿಕೊಡುವುದು ನಮ್ಮ ಕೆಲಸ. ಒಬ್ಬ ವಿದ್ಯಾರ್ಥಿಗೆ ಒಂದು ದಪ್ಪ ಕಾಗದದ ಕಾರ್ಡು; ಅದರಲ್ಲಿ ತೂತುಗಳ ರೂಪದಲ್ಲಿ ಅವನ ನಂಬರು, ಅವನ ಅಂಕಗಳು. ಒಂದು ಶಾಲೆಗೆ ಒಂದು ಕಟ್ಟು. ಕಟ್ಟನ್ನು ಯಂತ್ರದ ಬಾಯಿಗೆ ಕೊಟ್ಟರೆ ಅದು ಕಾರ್ಡುಗಳನ್ನು ಒಂದೊಂದಾಗಿ ಎಳೆದುಕೊಂಡು, ಕೂಡಿಸಿ, ಪಟ್ಟಿ ಅಚ್ಚು ಹಾಕುತ್ತಿತ್ತು. ಏನನ್ನು ಕೂಡಿಸಬೇಕು, ಯಾವುದನ್ನು ಎಲ್ಲಿ ಅಚ್ಚು ಹಾಕಬೇಕು ಎಂದು ಅದಕ್ಕೆ ತಿಳಿಸುವುದು ಒಂದು ಹಲಗೆ. ಹಲಗೆಯ ತುಂಬ ತೂತು, ತೂತಿನಿಂದ ತೂತಿಗೆ ಬಣ್ಣಬಣ್ಣದ ವಯರು. ಆ ವಯರುಗಳನ್ನು ಚುಚ್ಚಿದವಳು ನಾನು, ಊರಿನ ಕ್ರೈಸ್ತ ಹೆಂಗಸರನ್ನೆಲ್ಲ ಕರೆಯುವ ಹಾಗೆ ಆಫೀಸಿನವರು ಬಾಯಮ್ಮ ಎಂದು ಕರೆಯುತ್ತಿದ್ದವಳು. ನೋಡಿದವರು ಜೇಡರ ಬಲೆ ಎಂದು ನಗುತ್ತಿದ್ದರು. ನನಗೆ ಮಾತ್ರ ಅದು ನನ್ನ ಕೈಬರಹ.

ಯಂತ್ರ ಹಳೆಯದು, ಊರು ಸಮುದ್ರದ ಪಕ್ಕದ್ದು. ಮಳೆಗಾಲದಲ್ಲಿ ಅದಕ್ಕೊಂದು ರೋಗ ಬರುತ್ತಿತ್ತು. ಪ್ರತಿ ಕಟ್ಟಿನ ಮೊದಲ ಕಾರ್ಡನ್ನು ಅದು ತಪ್ಪು ಓದಿ, ಏನೇನೋ ಅಂಕ ಹೊಡೆದು ಬಿಡುತ್ತಿತ್ತು. ಎರಡನೆಯದರಿಂದ ಎಲ್ಲ ಸರಿ. ಎರಡು ಮಳೆಗಾಲ ತಲೆ ಕೆಡಿಸಿಕೊಂಡ ಮೇಲೆ ಉಪಾಯ ಹೊಳೆದದ್ದು ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ. ಅಮ್ಮ ನೀರುದೋಸೆ ಹೊಯ್ಯುತ್ತಿದ್ದಳು. ಮೊದಲ ದೋಸೆ ಕಾವಲಿಗೆ ಅಂಟಿ ಹರಿದುಬರುವುದು, ಅದನ್ನು ಅವಳು ಬೈಯದೆ ಬೆಕ್ಕಿಗೆ ಹಾಕುವುದು ನಮ್ಮ ಮನೆಯ ಪದ್ಧತಿ. ಅಂದೇ ಆಫೀಸಿಗೆ ಹೋಗಿ ಪ್ರತಿ ಕಟ್ಟಿನ ಮುಂದೆ ಏನೂ ತೂತಿಲ್ಲದ ಒಂದು ಖಾಲಿ ಕಾರ್ಡು ಇಟ್ಟೆ. ಹಲಗೆಯಲ್ಲಿ ಒಂದು ಹಳದಿ ವಯರು ಚುಚ್ಚಿ, ಕಟ್ಟಿನ ಮೊದಲ ಕಾರ್ಡು ಏನೇ ಇರಲಿ, ಅದನ್ನು ಲೆಕ್ಕಕ್ಕೆ ಹಿಡಿಯದ ಹಾಗೆ, ಅಚ್ಚೂ ಹಾಕದ ಹಾಗೆ ಮಾಡಿದೆ. ಖಾಲಿ ಕಾರ್ಡಿಗೆ ಮನಸ್ಸಿನಲ್ಲೇ ಬೆಕ್ಕಿನ ಕಾರ್ಡು ಎಂದು ಹೆಸರಿಟ್ಟೆ.

ಯಾರಿಗೂ ಹೇಳಲಿಲ್ಲ. ಕಾರ್ಡು ಇಡುವಾಗ ಸೆರಗಿನ ಮರೆಯಲ್ಲಿ ಇಡುತ್ತಿದ್ದೆ, ಪಟ್ಟಿ ಬಂದ ಮೇಲೆ ತೆಗೆದು ಡ್ರಾಯರಿಗೆ ಹಾಕುತ್ತಿದ್ದೆ. ಇದರ ಲಾಭ ನನಗೆ ತಿಳಿದದ್ದು ತಂಗಿಯ ಮದುವೆಯಲ್ಲಿ. ಮದುವೆಯ ಹಿಂದಿನ ದಿನದ ರೋಸಿನ ಶಾಸ್ತ್ರದಲ್ಲಿ, ಅವಳ ತಲೆಗೆ ಹೊಯ್ಯಲು ತೆಂಗಿನಹಾಲಿನ ಪಾತ್ರೆ ಹಿಡಿದು ನಿಂತಿದ್ದೇನೆ, ಅಷ್ಟರಲ್ಲಿ ಆಫೀಸಿನ ಪ್ಯೂನು ಏದುಸಿರು ಬಿಡುತ್ತಾ ಬಂದ.

"ಮಷೀನು ಹುಚ್ಚು ಹಿಡಿದ ಹಾಗೆ ಮಾಡ್ತಾ ಉಂಟು ಬಾಯಮ್ಮ. ನಿಮ್ಮನ್ನು ಒಮ್ಮೆ ಬರ್ಲಿಕ್ಕೆ ಹೇಳಿದ್ದಾರೆ."

ತೆಂಗಿನಹಾಲಿನ ಕೈಯಲ್ಲೇ ಹೋದೆ. ಬೆಕ್ಕಿನ ಕಾರ್ಡು ಇಟ್ಟೆ. ಯಂತ್ರ ನೆಟ್ಟಗಾಯಿತು. "ನೀವಿಲ್ಲದೆ ಇದು ನಡೆಯುವುದಿಲ್ಲ" ಎಂದು ಮ್ಯಾನೇಜರು ಎಲ್ಲರೆದುರು ಹೇಳಿದರು. ಆ ಮಾತನ್ನು ನಾನು ವರ್ಷಗಟ್ಟಲೆ ಚಪ್ಪರಿಸಿದ್ದೇನೆ.

ಆಮೇಲೆ ಹೊಸ ಯಂತ್ರ ಬಂತು. ಕಂಪ್ಯೂಟರು ಎಂದರು. ಬೊಂಬಾಯಿಯ ಯಾವುದೋ ಕಚೇರಿ ಬಳಸಿ ಬಿಟ್ಟದ್ದು, ನಮಗೆ ಹೊಸತು. ಅದರ ಜೊತೆ ಒಂದು ಪೆಟ್ಟಿಗೆ ಕಾರ್ಡುಗಳೂ ಬಂದವು. ಅವನ್ನು ಮೊದಲು ಓದಿಸಿದರೆ ಹೊಸ ಯಂತ್ರ ತನ್ನ ಬುದ್ಧಿಯನ್ನು ಬದಿಗಿಟ್ಟು ಹಳೆಯ ಯಂತ್ರದಂತೆಯೇ ವರ್ತಿಸುತ್ತದಂತೆ. ಹಲಗೆ ಬೇಡ. ಹಲಗೆಯಲ್ಲಿ ಯಾವ ವಯರು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಒಂದೊಂದಾಗಿ ಬರೆದು, ಅದನ್ನೇ ಕಾರ್ಡಿನಲ್ಲಿ ಕೊರೆದು ಕೊಟ್ಟರೆ ಸಾಕು. ನನ್ನ ಹತ್ತು ವರ್ಷದ ಕೆಲಸ ಒಂದು ಹಿಡಿ ಕಾರ್ಡಾಗಿ ಅದರ ಹೊಟ್ಟೆಗೆ ಹೋಗುತ್ತದೆ. ಕೇಳಿದಾಗಲೇ ಮೈ ಉರಿಯಿತು.

ಬರೆಯುವವಳು ಬೊಂಬಾಯಿಯಲ್ಲಿ ತರಬೇತಿ ಪಡೆದ ಹುಡುಗಿ. ಬೇರೆ ಯಾರೋ ಆಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಮಣ್ಣಗುಡ್ಡದ ನಮ್ಮ ಮನೆಗೆ ದಿನಾ ಬಂಗುಡೆ, ಬೂತಾಯಿ ಮೀನು ತರುತ್ತಿದ್ದ ಬೋಳೂರಿನ ಹೆಂಗಸಿನ ಮಗಳು ಅವಳು. ಗಂಡನನ್ನು ಕಡಲಿಗೆ ಕೊಟ್ಟ ಆ ಹೆಂಗಸು ಮಗಳನ್ನು ಬೊಂಬಾಯಿಯಲ್ಲಿದ್ದ ತಮ್ಮನ ಕೋಣೆಯಲ್ಲಿ ಬಿಟ್ಟು ಓದಿಸಿದ್ದಳು. ಹಿಂದೊಮ್ಮೆ ಲಂಗ ಹಾಕಿಕೊಂಡು ತಾಯಿಯ ಬೆನ್ನಿಗೆ ಬಂದು ನಮ್ಮ ಗೇಟಿನಲ್ಲಿ ನಿಲ್ಲುತ್ತಿದ್ದವಳು ಈಗ ಯಂತ್ರ ಜೋಡಿಸಲು ಬಂದ ಇಂಜಿನಿಯರರ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಪ್ಯೂನು ಚಹಾ ಮೊದಲು ಅವಳ ಮೇಜಿಗೆ ಇಡತೊಡಗಿದ. ಅದನ್ನೂ ಗಮನಿಸಿದೆ.

ಮ್ಯಾನೇಜರು ಕರಾರು ಹಾಕಿದ್ದರು. ಮೂರು ತಿಂಗಳ ಗಡುವು. ಅಷ್ಟರೊಳಗೆ ಹೊಸ ಯಂತ್ರದ ಪಟ್ಟಿ ಹಳೆಯದರ ಪಟ್ಟಿಗೆ ಸಾಲಿಗೆ ಸಾಲು ಹೊಂದಬೇಕು. ಹೊಂದಿದರೆ ಅವಳಿಗೆ ಕಾಯಂ ಕೆಲಸ, ಯಂತ್ರದ ಕೋಣೆಯ ಉಸ್ತುವಾರಿ. ಹೊಂದದಿದ್ದರೆ ಯಂತ್ರವೂ ಅವಳೂ ವಾಪಸು ಬೊಂಬಾಯಿಗೆ. "ಮಗಳು ಇಲ್ಲೇ ನಿಂತರೆ ಸಾಕು ಬಾಯಮ್ಮ, ನನಗೆ ಬೇರೆ ಯಾರಿದ್ದಾರೆ" ಎಂದು ಅವಳ ತಾಯಿ ಬುಟ್ಟಿ ಇಳಿಸುತ್ತಾ ತುಳುವಿನಲ್ಲಿ ಹೇಳಿದಳು. ಅಂದು ನಾನು ಮೀನಿನ ಕಿವಿರು ಎತ್ತಿ ನೋಡಿ, ತಾಜಾ ಅಲ್ಲ ಎಂದು ವಾಪಸು ಮಾಡಿದೆ. ಮೀನು ತಾಜಾ ಇತ್ತು.

ಹುಡುಗಿ ನನ್ನ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ವಾರಗಟ್ಟಲೆ ಕೂತಳು. ಒಂದೊಂದು ವಯರಿನ ಮೇಲೂ ಬೆರಳಾಡಿಸಿ, ತುದಿ ಹುಡುಕಿ ಬರೆದುಕೊಂಡಳು. ನನ್ನ ಪೆಟ್ಟಿಗೆ ತೆರೆದು ಬಟ್ಟೆ ಒಂದೊಂದಾಗಿ ಬಿಚ್ಚಿ ನೋಡಿದಂತಿತ್ತು ನನಗೆ. ಒಂದು ದಿನ ಅವಳ ಬೆರಳು ಹಳದಿ ವಯರಿನ ಮೇಲೆ ನಿಂತಿತು.

"ಇದು ಎಂತಕ್ಕೆ ಬಾಯಮ್ಮ? ಇದರಿಂದ ಮೊದಲನೇ ಕಾರ್ಡು ಪ್ರಿಂಟೇ ಆಗುದಿಲ್ಲಲ್ಲ?"

ವಯರಿನ ತುದಿಯನ್ನು ಇನ್ನಷ್ಟು ಒತ್ತಿ ಕೂರಿಸಿದೆ. ಹೇಳಿದೆ: "ಅದು ಬೇಕು. ಉಂಟಾದ ಹಾಗೆ ಬರೀಲಿಕ್ಕಲ್ವಾ ನಿನಗೆ ಹೇಳಿದ್ದು? ಬರೆ ಮಾರಾಯ್ತಿ."

ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಖಾಲಿ ಕಾರ್ಡಿನ ವಿಷಯ ಮಾತ್ರ ಹೇಳಲಿಲ್ಲ. ಅವಳು ತಲೆಯಾಡಿಸಿ ಬರೆದುಕೊಂಡಳು.

ಪರೀಕ್ಷೆಯ ದಿನ ಬೆಳಿಗ್ಗೆ ನಾನು ಹಳೆಯ ಯಂತ್ರ ಓಡಿಸಿ ಪಟ್ಟಿ ತೆಗೆದೆ. ಬೆಕ್ಕಿನ ಕಾರ್ಡುಗಳನ್ನೆಲ್ಲ ಹೆಕ್ಕಿ ಡ್ರಾಯರಿಗೆ ಹಾಕಿ, ಕಟ್ಟುಗಳನ್ನು ಅವಳ ಕೈಗೆ ಕೊಟ್ಟೆ. ಹೊಸ ಯಂತ್ರ ಗಡಗಡ ಹೊಡೆದು, ಹಳೆಯದಕ್ಕೆ ಹಿಡಿದದ್ದರ ಅರ್ಧ ಹೊತ್ತಿನಲ್ಲಿ ಪಟ್ಟಿ ಉಗುಳಿತು. ಮ್ಯಾನೇಜರು ಎರಡನ್ನೂ ಮೇಜಿನ ಮೇಲೆ ಹಾಸಿ, ಸ್ಕೇಲು ಇಟ್ಟು ಓದಿದರು. ಮೊದಲ ಶಾಲೆಯ ಮೊದಲ ಹುಡುಗ ಇಲ್ಲ. ಎರಡನೆಯ ಶಾಲೆಯ ಮೊದಲ ಹುಡುಗಿ ಇಲ್ಲ. ಹೀಗೆ ಎಲ್ಲ ಶಾಲೆಯಲ್ಲೂ.

"ಎಂತ ಇದು? ಪರೀಕ್ಷೆ ಬರೆದ ಮಕ್ಕಳನ್ನೇ ನುಂಗುವ ಮಷೀನಾ? ನಾಳೆ ಮಧ್ಯಾಹ್ನದವರೆಗೆ ನೋಡ್ತೇನೆ. ಆಮೇಲೆ ನೀವು ಗಂಟು ಕಟ್ಟಿಕೊಳ್ಳಬಹುದು" ಎಂದು ಮ್ಯಾನೇಜರು ಸ್ಕೇಲು ಎಸೆದರು.

ಅವಳಿಗೆ ಆ ಕ್ಷಣವೇ ಗೊತ್ತಾಗಿರಬೇಕು, ಹಳದಿ ವಯರು ಎಂದು. ಬಾಯಮ್ಮನೇ ಹಾಗೆ ಬರೆಯಲು ಹೇಳಿದ್ದು ಎನ್ನಬಹುದಿತ್ತು. ನನ್ನ ಕಡೆ ಒಮ್ಮೆ ನೋಡಿದಳು, ಅಷ್ಟೆ. ಮಧ್ಯಾಹ್ನ ಅವಳ ಬುತ್ತಿ ಬಿಚ್ಚದೆ ಹಾಗೇ ಉಳಿಯಿತು. ನಾನು ನನ್ನದನ್ನು ಪೂರ್ತಿ ಉಂಡೆ. ಸುಳ್ಳೇಕೆ ಹೇಳಲಿ, ಖುಷಿಯಾಗಿತ್ತು. ನಾನಿಲ್ಲದೆ ನಡೆಯದು ಎಂಬ ಮಾತು ಕಿವಿಯಲ್ಲಿ ಮತ್ತೆ ಹಾಡುತ್ತಿತ್ತು.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಅವಳ ತಾಯಿ. ಕಣ್ಣು ಬಾತಿತ್ತು. ಕೇಳದೆಯೇ ಎರಡು ಬಂಗುಡೆ ಹೆಚ್ಚಿಗೆ ಹಾಕಿದಳು.

"ಮಗಳಿಗೆ ಸ್ವಲ್ಪ ಹೇಳಿಕೊಡಿ ಬಾಯಮ್ಮ. ಬಾಯಮ್ಮನಿಗೆ ಗೊತ್ತಿಲ್ಲದ್ದು ಅಲ್ಲಿ ಎಂತದೂ ಇಲ್ಲ ಅಂತಾಳೆ."

ಆ ಎರಡು ಬಂಗುಡೆಯ ಭಾರ ಹೊತ್ತುಕೊಂಡೇ ಆಫೀಸಿಗೆ ಹೋದೆ. ಹುಡುಗಿ ಹಳೆಯ ಯಂತ್ರದ ಪಕ್ಕ ಸ್ಟೂಲು ಹಾಕಿ ಕೂತಿದ್ದಳು. "ನೀವು ಓಡಿಸುದನ್ನು ಒಮ್ಮೆ ನೋಡ್ತೇನೆ ಬಾಯಮ್ಮ" ಎಂದಳು. ಓಡಿಸದೆ ಇರುವಂತಿರಲಿಲ್ಲ, ಬೇರೆ ಶಾಲೆಗಳ ಕಟ್ಟುಗಳು ಕಾಯುತ್ತಿದ್ದವು. ಡ್ರಾಯರು ಎಳೆದೆ. ಸೆರಗು ಅಡ್ಡ ಹಿಡಿಯಬೇಕಾದ ಕೈ ಅಂದು ಏಕೋ ಏಳಲಿಲ್ಲ. ಮಳೆಗೆ ಮೆತ್ತಗಾದ ಖಾಲಿ ಕಾರ್ಡನ್ನು ಅವಳ ಕಣ್ಣೆದುರೇ ಕಟ್ಟಿನ ಮುಂದೆ ಇಟ್ಟೆ. ಅವಳು ಕಾರ್ಡು ನೋಡಿದಳು, ಹಲಗೆಯ ಹಳದಿ ವಯರು ನೋಡಿದಳು, ನನ್ನ ಮುಖ ನೋಡಿದಳು. ಬಾಯಿ ಬಿಟ್ಟು ಹೇಳುವಷ್ಟು ದೊಡ್ಡವಳಾಗಲು ನನ್ನಿಂದ ಆಗಲಿಲ್ಲ. ಕೈ ತಡೆಯದಿದ್ದುದೇ ನಾನು ಮಾಡಿದ್ದು.

ಮಧ್ಯಾಹ್ನ ಹೊಸ ಯಂತ್ರದ ಪಟ್ಟಿ ಹಳೆಯದಕ್ಕೆ ಸಾಲಿಗೆ ಸಾಲು ಹೊಂದಿತು. ಮ್ಯಾನೇಜರು ಕೊನೆಯ ಹಾಳೆಯವರೆಗೂ ಸ್ಕೇಲು ಎಳೆದು, ನಿನ್ನೆ ಎಂತ ಆಗಿತ್ತು ಎಂದು ಕೇಳಿದರು.

"ನನ್ನದೇ ತಪ್ಪು ಸರ್. ಕಾರ್ಡು ಇಡುವ ಕ್ರಮವನ್ನು ಬಾಯಮ್ಮನಲ್ಲಿ ಸರಿಯಾಗಿ ಕೇಳಿರಲಿಲ್ಲ" ಎಂದಳು.

ಎಲ್ಲರೂ ಹೋದ ಮೇಲೆ ಅವಳ ಯಂತ್ರದ ಹತ್ತಿರ ಹೋಗಿ ನೋಡಿದೆ. ಒಂದೊಂದು ಕಟ್ಟಿನ ಮುಂದೆಯೂ ಒಂದೊಂದು ಖಾಲಿ ಕಾರ್ಡು. ನನಗೆ ಅರ್ಥವಾಗಲಿಲ್ಲ. ಹೊಸ ಯಂತ್ರಕ್ಕೆ ಮಳೆಗಾಲದ ರೋಗವೇ ಇಲ್ಲವಲ್ಲ.

"ಹಳದಿ ವಯರಿನ ಸಾಲೊಂದನ್ನು ತೆಗೆದಿದ್ದರೆ ಆಗ್ತಿತ್ತಲ್ಲ. ಖಾಲಿ ಕಾರ್ಡು ಯಾಕೆ?"

"ತೆಗೆದರೆ ಅದು ನಿಮ್ಮ ಮಷೀನು ಅಲ್ಲ ಬಾಯಮ್ಮ. ನಿಮ್ಮದರ ಹಾಗೇ ಮಾಡಬೇಕು ಅಂತ ನನಗೆ ಹೇಳಿದ್ದು. ಅದರ ಸೀಕು ಸಮೇತ."

ಖಾಲಿ ಕಾರ್ಡೊಂದನ್ನು ಎತ್ತಿ ಹಿಡಿದು, "ಈ ಕಾರ್ಡಿಗೆ ಎಂತ ಹೆಸರು?" ಎಂದು ಕೇಳಿದಳು. ಹೇಳಿದೆ. ನೀರುದೋಸೆಯ ಕಥೆ ಕೇಳಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ.

ಅವಳ ಕೆಲಸ ಕಾಯಂ ಆಯಿತು. ಹಳೆಯ ಯಂತ್ರವನ್ನು ಗುಜರಿಯವರು ಬಿಚ್ಚಿ ಕೈಗಾಡಿಯಲ್ಲಿ ಕೊಂಡುಹೋದರು. ನನ್ನನ್ನು ಕಾರ್ಡು ತೂತು ಮಾಡುವ ಮೇಜಿಗೆ ಹಾಕಿದರು. ಹೊಟ್ಟೆಕಿಚ್ಚು ಆರಲಿಲ್ಲ, ಜಾಗ ಬದಲಿಸಿತು ಅಷ್ಟೆ. ಮೊದಲು ಅವಳ ಜಾಣತನಕ್ಕೆ ಉರಿಯುತ್ತಿದ್ದೆ, ಈಗ ಅವಳ ಒಳ್ಳೆಯತನಕ್ಕೆ. ಇದು ಹೆಚ್ಚು ಸುಡುತ್ತದೆ. ಜಾಣತನವಾದರೆ ಕಲಿಯಬಹುದು ಎಂಬ ಸಮಾಧಾನವಾದರೂ ಇರುತ್ತದೆ.

ತಡೆಯಲಾರದೆ ಮುಂದಿನ ಈಸ್ಟರಿನ ಮುಂಚೆ ಪಾಪನಿವೇದನೆಯಲ್ಲಿ ಪಾದ್ರಿಗಳಿಗೆ ಹೇಳಿದೆ. ಹಳದಿ ವಯರು, ಖಾಲಿ ಕಾರ್ಡು, ಎಲ್ಲ. ಜಾಲರಿಯ ಆಚೆಯಿಂದ ಅವರು ವಯರಿನ ವಿಷಯವನ್ನು ಎರಡು ಸಲ ಹೇಳಿಸಿ ಕೇಳಿದರು. ಕೊನೆಗೆ, "ನಿನ್ನ ಯಂತ್ರ ನನಗೆ ಗೊತ್ತಾಗಲಿಲ್ಲ ಮಗಳೇ. ಆದರೆ ಇದನ್ನು ನನ್ನಲ್ಲಿ ಹೇಳಿದರೆ ಸಾಲದು, ಆ ಹುಡುಗಿಯಲ್ಲೇ ಹೇಳಬೇಕು. ಅದೇ ನಿನ್ನ ಪ್ರಾಯಶ್ಚಿತ್ತ" ಎಂದರು. ಹತ್ತು ಜಪಮಾಲೆ ಕೊಟ್ಟಿದ್ದರೆ ಸುಲಭವಾಗುತ್ತಿತ್ತು.

ಸೋಮವಾರ ಅವಳ ಕೋಣೆಗೆ ಹೋದೆ. ಅವಳು ಒಂದು ಶಾಲೆಯ ಕಟ್ಟನ್ನು ಮೇಜಿಗೆ ತಟ್ಟಿ ಅಂಚು ಸರಿಮಾಡುತ್ತಿದ್ದಳು.

"ಆವತ್ತು ಖಾಲಿ ಕಾರ್ಡಿನ ವಿಷಯ ನಾನು ಮರೆತದ್ದಲ್ಲ. ಬೇಕಂತಲೇ ಹೇಳಲಿಲ್ಲ. ನೀನು ಹೋಗಬೇಕು ಅಂತ ಇತ್ತು ನನಗೆ."

ಅವಳು ಕಟ್ಟನ್ನು ಇನ್ನೊಮ್ಮೆ ತಟ್ಟಿದಳು. ಅವಳ ಮೇಜಿನ ಮೇಲೆಯೇ ಖಾಲಿ ಕಾರ್ಡಿನ ಇಡೀ ಪೆಟ್ಟಿಗೆ ತೆರೆದು ಬಿದ್ದಿತ್ತು.

"ಗೊತ್ತುಂಟು ಬಾಯಮ್ಮ" ಎಂದು ನನ್ನ ಕಡೆ ಕೈ ಚಾಚಿದಳು. "ನಿಮ್ಮ ಡ್ರಾಯರಿಂದ ಒಂದು ಬೆಕ್ಕಿನ ಕಾರ್ಡು ಕೊಡಿ."