ಗುರುವಾರದ ಮೂಳೆಕೋಣೆ

ಪ್ರಾಣಿಶಾಸ್ತ್ರ ವಿಭಾಗದ ಮೂಳೆಕೋಣೆಯನ್ನು ನೋಡಿಕೊಳ್ಳುತ್ತಿದ್ದ ಹೆಂಗಸನ್ನು ವಿಶ್ವವಿದ್ಯಾಲಯದಲ್ಲಿ ಎಲ್ಲರೂ ಮೂಳೆಯಮ್ಮ ಎಂದೇ ಕರೆಯುತ್ತಿದ್ದರು. ಓದು ಹತ್ತನೆಯ ತರಗತಿ, ಕೆಲಸ ಅಟೆಂಡರದು. ಮೂಳೆಗಳನ್ನು ಬೇಯಿಸಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ತಂತಿಗೆ ಪೋಣಿಸಿ ಅಸ್ಥಿಪಂಜರ ನಿಲ್ಲಿಸುವುದನ್ನು ತನಗಿಂತ ಮೊದಲಿದ್ದ ಅಟೆಂಡರನಿಂದ ಕಲಿತಿದ್ದಳು. ಮನೆಯಲ್ಲಿದ್ದ ಅಕ್ಕನಿಗೆ ಆ ಕೈಗಳೆಂದರೆ ಹೇಸಿಗೆ. "ಎರಡು ಸಲ ಸೋಪು ಹಾಕ್ಕೊಂಡು ಬಾರೇ, ಆಮೇಲೆ ತಟ್ಟೆ ಮುಟ್ಟು" ಎನ್ನುತ್ತಿದ್ದಳು. ಇಪ್ಪತ್ತಾರು ವರ್ಷ, ದಿನ ತಪ್ಪದೆ.

ಒಂದು ಗುರುವಾರ ಚಿತ್ರಕಲಾ ವಿಭಾಗದ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು, ಮೇಕೆಯ ಅಸ್ಥಿಪಂಜರದ ಚಿತ್ರ ಬರೆದುಕೊಳ್ಳಲೇ ಎಂದು ಕೇಳಿದಳು. ಬೇರೆ ವಿಭಾಗದವರು ಒಳಗೆ ಬರಬೇಕಾದರೆ ಇಬ್ಬರು ಮುಖ್ಯಸ್ಥರ ಸಹಿ ಬೇಕು. ಸಹಿ ಬೀಳುವಷ್ಟರಲ್ಲಿ ವರ್ಷವೇ ಮುಗಿದಿರುತ್ತದೆ. ಮೂಳೆಯಮ್ಮ ಹಾಜರಿ ಪುಸ್ತಕದಲ್ಲಿ ಹುಡುಗಿಯ ಹೆಸರಿನ ಮುಂದೆ 'ಪ್ರಾಣಿಶಾಸ್ತ್ರ' ಎಂದು ಬರೆದು ಸ್ಟೂಲು ಎಳೆದುಕೊಟ್ಟಳು. ಅರ್ಧ ಗಂಟೆಯ ಮೇಲೆ ಹುಡುಗಿ ತಲೆಯೆತ್ತಿದಳು.

"ಅಮ್ಮಾ, ಇದರ ಹೆಗಲು ಯಾಕೋ ಸರಿಯಾಗಿ ಕೂತಿಲ್ಲ."

ಎಡ ಹೆಗಲಿನ ಮೂಳೆ ಬಲಕ್ಕಿತ್ತು, ಬಲದ್ದು ಎಡಕ್ಕೆ. ಅದೇ ಮೇಕೆಯ ಮುಂದೆ ನಿಂತು ಮೂವತ್ತು ವರ್ಷ ಪಾಠ ಹೇಳಿದ ಪ್ರೊಫೆಸರುಗಳ ಕಣ್ಣಿಗೆ ಅದು ಬಿದ್ದಿರಲಿಲ್ಲ. ಮೂಳೆಯಮ್ಮನ ಕಣ್ಣಿಗೂ ಬಿದ್ದಿರಲಿಲ್ಲ.

ಮುಂದಿನ ಗುರುವಾರದಿಂದ ಜೋಡಿ ಜೋಡಿಯಾಗಿ ಕೂರಿಸತೊಡಗಿದಳು. ಈ ಕಡೆ ವಿಜ್ಞಾನದವನು, ಆ ಕಡೆ ಚಿತ್ರಕಲೆಯವಳು, ನಡುವೆ ಒಂದು ಮೂಳೆ.

"ನಿನಗೆ ಹೆಸರು ಗೊತ್ತು, ಇವಳಿಗೆ ಆಕಾರ ಗೊತ್ತು. ಇಬ್ಬರೂ ಅರೆಬೆಂದವರೇ. ಬಾಯಿಬಿಟ್ಟು ಮಾತಾಡ್ಕೊಳ್ಳಿ."

"ಅಮ್ಮಾ, ಇವನು ಲ್ಯಾಟಿನ್ ಬಿಟ್ರೆ ಬೇರೇನೂ ಮಾತಾಡಲ್ಲ!"

"ನೀನು ಮೊದಲು ಪಕ್ಕೆಲುಬು ಎಣಿಸು. ಹದಿಮೂರು ಇರೋ ಕಡೆ ಹದಿನಾಲ್ಕು ಬರೆದಿದ್ದೀಯ. ನಿಂದೊಂದು ದಾನ ಮಾಡಿದ್ಯಾ?"

ಹನ್ನೊಂದು ವರ್ಷ ಹೀಗೇ ನಡೆಯಿತು. ಪುಸ್ತಕದಲ್ಲಿ ಎಲ್ಲರೂ ಪ್ರಾಣಿಶಾಸ್ತ್ರದವರೇ. ಚಿತ್ರಕಲೆಯ ಮೇಷ್ಟ್ರು, ಇಲ್ಲಿಗೆ ಬಂದ ತಮ್ಮ ಮಕ್ಕಳಿಗೆ ಅದೇ ಹೊತ್ತಿಗೆ ತಮ್ಮ ತರಗತಿಯಲ್ಲೂ ಹಾಜರಿ ಹಾಕಿಬಿಡುತ್ತಿದ್ದರು.

ಆಮೇಲೆ ಡೀನರ ಸುತ್ತೋಲೆ ಬಂತು. ಕಲೆ ಮತ್ತು ವಿಜ್ಞಾನದ ವಿದ್ಯಾರ್ಥಿಗಳು ಕೂಡಿ ಕಲಿಯುವ ಕೋಣೆಗಳನ್ನು ಉಳಿಸಿಕೊಳ್ಳಲಾಗುವುದು. ಒಂದೇ ವಿಭಾಗ ಬಳಸುವ ಕೋಣೆಗಳನ್ನು ತೆರವು ಮಾಡಲಾಗುವುದು. ಮೂಳೆಯಮ್ಮ ಓದಿ ನಿರಾಳವಾದಳು. ಸಮಿತಿ ಗುರುವಾರ ಬಂದು ನೋಡೀತು ಎಂದುಕೊಂಡಿದ್ದಳು. ಸಮಿತಿ ಬರಲಿಲ್ಲ, ಹಾಜರಿ ಪುಸ್ತಕ ತರಿಸಿಕೊಂಡಿತು. ನಾಲ್ಕು ದಿನದ ಮೇಲೆ ಅವಳಿಗೂ ಚಿತ್ರಕಲೆಯ ಮೇಷ್ಟ್ರಿಗೂ ಕರೆ ಬಂತು.

"ಹನ್ನೊಂದು ವರ್ಷದಲ್ಲಿ ಹೊರಗಿನವರು ಒಬ್ಬರೂ ಬಂದಿಲ್ಲವಲ್ಲಮ್ಮ" ಎಂದರು ಡೀನರು.

"ಬಂದಿದ್ದಾರೆ ಸಾರ್. ನಾನೇ ಸುಳ್ಳು ಬರೆದೆ. ನಿಜ ಬರೆದಿದ್ರೆ ಒಳಗೆ ಬಿಡೋ ಹಾಗಿರಲಿಲ್ಲ."

"ಬರೆದಿದ್ದು ಸುಳ್ಳು ಅಂತ ನೀವೇ ಹೇಳ್ತೀರಿ. ಈಗ ಹೇಳ್ತಿರೋದು ಮಾತ್ರ ನಿಜ ಅಂತ ಹೇಗೆ ನಂಬಲಿ?"

ಮೂಳೆಯಮ್ಮ ಮೇಷ್ಟ್ರ ಕಡೆ ನೋಡಿದಳು. ಮಕ್ಕಳು ಮೂಳೆಕೋಣೆಯಲ್ಲಿದ್ದರು ಎಂದರೆ ಮೇಷ್ಟ್ರ ಹಾಜರಿ ಸುಳ್ಳಾಗುತ್ತದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು.

ಕೋಣೆ ಖಾಲಿ ಮಾಡಲು ಮೂರು ದಿನ ಹಿಡಿಯಿತು. ತಂತಿ ಕತ್ತರಿಸಿ, ಮೂಳೆಗಳನ್ನು ಬಿಡಿಸಿ, ಪೆಟ್ಟಿಗೆಗೆ ತುಂಬಿ ನೆಲಮಾಳಿಗೆಗೆ ಇಳಿಸಿದವಳು ಅವಳೇ. ಸುಳ್ಳು ದಾಖಲೆಗಾಗಿ ಮೆಮೋ ಬಂತು. ಜೊತೆಗೇ ಪರೀಕ್ಷಾ ವಿಭಾಗಕ್ಕೆ ವರ್ಗ. ಅಲ್ಲಿ ಉತ್ತರಪತ್ರಿಕೆಗಳನ್ನು ಕಟ್ಟು ಕಟ್ಟುವ ಕೆಲಸ. ಅಕ್ಕನಿಗೆ ಸಮಾಧಾನವಾಯಿತು.

ತಿಂಗಳ ಮೇಲೆ ಚಿತ್ರಕಲೆಯವಳೊಬ್ಬಳು, ವಿಜ್ಞಾನದವನೊಬ್ಬ ಹುಡುಕಿಕೊಂಡು ಬಂದು ಕಿಟಕಿಯಲ್ಲಿ ಇಣುಕಿದರು.

"ಅಮ್ಮಾ, ಒಂದೇ ಒಂದು ಪೆಟ್ಟಿಗೆ ತೆಗೆಸಿಕೊಡಿ. ಕೆಳಗೇ ಕೂತ್ಕೊಂಡು ನೋಡ್ತೀವಿ. ಯಾರಿಗೂ ಗೊತ್ತಾಗಲ್ಲ."

"ಇದು ಪರೀಕ್ಷಾ ವಿಭಾಗ. ವಿದ್ಯಾರ್ಥಿಗಳು ಇಲ್ಲಿ ನಿಲ್ಲೋ ಹಾಗಿಲ್ಲ, ಹೋಗಿ."

ತಮಾಷೆ ಎಂದುಕೊಂಡು ಇಬ್ಬರೂ ನಕ್ಕರು. ಮೂಳೆಯಮ್ಮ ಕಿಟಕಿ ಮುಚ್ಚಿ, ಚಿಲಕ ಹಾಕಿ, ಮುಂದಿನ ಕಟ್ಟಿಗೆ ದಾರ ಸುತ್ತತೊಡಗಿದಳು.